ಸಿರಪ್ ಬಾಟಲಿಯ ವಿಷ ಮನೆಯವರೆಗೆ ಬಂದ ದಾರಿ

ಸಾವಿರ ಜನಸಂಖ್ಯೆ ಮೀರದ ಹಳ್ಳಿಗಳ ಅಂಗಡಿಗಳಲ್ಲಿ ಔಷಧ ಪರವಾನಗಿ ಇಲ್ಲದೆಯೂ ಕೆಮ್ಮಿನ ಸಿರಪ್ ಮಾರಬಹುದೆಂಬ ಹಳೆಯ ವಿನಾಯಿತಿಯನ್ನು ತೆಗೆದುಹಾಕುವ ಪ್ರಸ್ತಾವ ಕೇಂದ್ರ ಸರ್ಕಾರದಿಂದ ಬಂದ ಮೇಲೆ, ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಹಿಂದಿನ ಪ್ರಶ್ನೆಗಳೇ ಮತ್ತೆ ಎದ್ದಿವೆ. ಸಿರಪ್ ಪೂರ್ತಿಯಾಗಿ ನಿಷೇಧವಾಯಿತೇ? ಒಂದು ಕಂಪನಿಯದು ಮಾತ್ರವೇ? ವೈದ್ಯರು ಬರೆದುಕೊಟ್ಟರೂ ಕುಡಿಸಬಾರದೇ? ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಕೂಡ ಇದರಲ್ಲಿ ಸೇರುತ್ತದೆಯೇ?

ಗೊಂದಲ ಸಹಜ. 2025ರ ಅಕ್ಟೋಬರ್‌ನಿಂದೀಚೆಗೆ ಬಂದ ಬೇರೆ ಬೇರೆ ಆದೇಶಗಳು ಸುದ್ದಿಯಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ‘ಕೋಲ್ಡ್ರಿಫ್’ ಎಂಬ ಸಿರಪ್ಪನ್ನು ರಾಜ್ಯಗಳು ನಿಷೇಧಿಸಿದ್ದು ಅದರಲ್ಲಿ ವಿಷ ಸಿಕ್ಕಿದ್ದರಿಂದ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅಕ್ಟೋಬರ್ 3ರಂದು ಹೊರಡಿಸಿದ ಸಲಹೆಯ ವಿಷಯವೇ ಬೇರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧವನ್ನು ಬರೆಯಲೂ ಬಾರದು, ಕೊಡಲೂ ಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಅದು ಹೇಳುತ್ತದೆ. ಆ ಮಾತು ವಿಷವಿಲ್ಲದ, ಸರಿಯಾಗಿ ತಯಾರಾದ ಸಿರಪ್ಪಿಗೂ ಅನ್ವಯಿಸುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆಯೂ ಇದೇ ಧಾಟಿಯ ಸೂಚನೆ ನೀಡಿತು. ಈಗಿನ ಪ್ರಸ್ತಾವವಾದರೋ ಸಿರಪ್ಪನ್ನು ಎಲ್ಲಿ ಮಾರಬಹುದು ಎಂಬುದರ ಕುರಿತದ್ದು. ಈ ಯಾವುದೂ ಜ್ವರಕ್ಕಾಗಿ ಮಗುವಿನ ತೂಕ ನೋಡಿ ವೈದ್ಯರು ಹೇಳುವ ಪ್ಯಾರಸಿಟಮಾಲನ್ನು ನಿಲ್ಲಿಸಿ ಎನ್ನುವುದಿಲ್ಲ.

ಹೀಗಾಗಿ ಎರಡು ಪ್ರಶ್ನೆಗಳನ್ನು ಬಿಡಿಸಿಕೊಂಡು ನೋಡಬೇಕು. ಸಿರಪ್ಪಿನೊಳಗೆ ವಿಷ ಹೇಗೆ ಬರುತ್ತದೆ ಎಂಬುದು ಒಂದು. ಬೇಕಾಗಿಯೇ ಇಲ್ಲದ ಸಿರಪ್ ಇಷ್ಟೊಂದು ಮಕ್ಕಳ ಬಾಯಿಗೆ ಏಕೆ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾರ್ಖಾನೆ ಮತ್ತು ಸರ್ಕಾರ ಉತ್ತರ ಹೇಳಬೇಕು. ಎರಡನೆಯದರ ಉತ್ತರ, ಕೆಮ್ಮುವ ಮಗುವನ್ನು ಎತ್ತಿಕೊಂಡ ತಂದೆತಾಯಿಗೆ ನಮ್ಮ ಆರೋಗ್ಯ ವ್ಯವಸ್ಥೆ ಎಷ್ಟು ಜೊತೆಯಾಗಿದೆ ಎಂಬುದರಲ್ಲಿದೆ. ಸುದ್ದಿಯೆಲ್ಲ ಮೊದಲನೆಯದರ ಸುತ್ತಲೇ ತಿರುಗಿತು.

ಛಿಂದ್ವಾಡಾದಲ್ಲಿ ಆದದ್ದು

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಪರಾಸಿಯಾ ಭಾಗದಲ್ಲಿ 2025ರ ಆಗಸ್ಟ್ ಕೊನೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ಶುರುವಾದದ್ದು ಮಾಮೂಲಿ ನೆಗಡಿ, ಕೆಮ್ಮು, ಜ್ವರದಿಂದ. ಕೆಲವು ದಿನಗಳಲ್ಲಿ ವಾಂತಿ. ಆಮೇಲೆ ಮೂತ್ರ ನಿಂತುಹೋಯಿತು. ಗಡಿ ದಾಟಿ ಮಹಾರಾಷ್ಟ್ರದ ನಾಗಪುರಕ್ಕೆ ಒಯ್ದು ಡಯಾಲಿಸಿಸ್ ಮಾಡಿಸಿದರೂ ಹೆಚ್ಚಿನವರು ಉಳಿಯಲಿಲ್ಲ. ಸತ್ತ ಮಕ್ಕಳ ಸಂಖ್ಯೆ ಇಪ್ಪತ್ತು ದಾಟಿತು. ಅವರಲ್ಲಿ ಬಹುತೇಕರು ಐದು ವರ್ಷದೊಳಗಿನವರು.

ಮೊದಲು ಅನುಮಾನ ಬಿದ್ದದ್ದು ಸೋಂಕಿನ ಮೇಲೆ. ನೀರು, ಸೊಳ್ಳೆ, ಇಲಿ ಜ್ವರ ಎಲ್ಲವನ್ನೂ ತಪಾಸಣೆ ಮಾಡಲಾಯಿತು. ಮಕ್ಕಳ ಮೂತ್ರಪಿಂಡದ ಬಯಾಪ್ಸಿ ವಿಷದ ಕಡೆ ಬೆರಳು ತೋರಿದ ಮೇಲೆ, ಅವರೆಲ್ಲ ಕುಡಿದದ್ದೇನು ಎಂಬ ಪ್ರಶ್ನೆ ಮುಂದೆ ಬಂತು. ಓದುಗರನ್ನು ಹೆಚ್ಚು ಗಲಿಬಿಲಿಗೊಳಿಸಿದ್ದು ಅಕ್ಟೋಬರ್ 3ರ ಬೆಳವಣಿಗೆ. ಅಲ್ಲಿಯವರೆಗೆ ಪರೀಕ್ಷಿಸಿದ ಮಾದರಿಗಳಲ್ಲಿ ವಿಷ ಕಂಡುಬಂದಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಅದೇ ಹೊತ್ತಿಗೆ ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆಯವರು ಕಾಂಚೀಪುರಂ ಜಿಲ್ಲೆಯಲ್ಲಿದ್ದ ಸ್ರೆಸನ್ ಫಾರ್ಮಾಸ್ಯುಟಿಕಲ್ ಕಾರ್ಖಾನೆಯಿಂದಲೇ ತಂದ ಕೋಲ್ಡ್ರಿಫ್ ಮಾದರಿಯಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಇರುವುದು ಪತ್ತೆಯಾಯಿತು. ಎರಡು ವರದಿಗಳೂ ಸುಳ್ಳಲ್ಲ. ಮೊದಲು ಪರೀಕ್ಷೆಗೆ ಹೋದವು ಬೇರೆ ಮಾದರಿಗಳು, ವಿಷವಿದ್ದದ್ದು ಎಸ್‌ಆರ್-13 ಎಂಬ ಬ್ಯಾಚಿನಲ್ಲಿ. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಒಳ್ಳೆಯ ಬಾಟಲಿಯೂ ಕೊಲ್ಲುವ ಬಾಟಲಿಯೂ ಪಕ್ಕಪಕ್ಕದಲ್ಲಿ ಇರಬಹುದೆಂಬುದೇ ಈ ಬಗೆಯ ಕಲಬೆರಕೆಯ ಭೀಕರತೆ.

ಇಂಥ ಕಲ್ಮಶಕ್ಕಿರುವ ಮಿತಿ ಶೇ 0.1. ಕೋಲ್ಡ್ರಿಫ್‌ನಲ್ಲಿ ಇದ್ದದ್ದು ಅದರ ಸುಮಾರು 486 ಪಟ್ಟು. ಐದು ಮಿಲಿಲೀಟರ್‌ನ ಒಂದು ಚಮಚ ಕುಡಿಸಿದರೆ ಹತ್ತಿರಹತ್ತಿರ ಎರಡೂವರೆ ಗ್ರಾಂ ವಿಷ ಮಗುವಿನ ಹೊಟ್ಟೆ ಸೇರುತ್ತದೆ. ದಿನಕ್ಕೆ ಮೂರು ಬಾರಿ ಎಂದು ಚೀಟಿಯಲ್ಲಿದ್ದರೆ ಏಳು ಗ್ರಾಂ ದಾಟುತ್ತದೆ. ಕಾಯಿಲೆ ವಾಸಿಯಾಗಲೆಂದು ಹೊತ್ತುಹೊತ್ತಿಗೆ ತಪ್ಪದೆ ಔಷಧ ಕುಡಿಸಿದ ಮನೆಯಲ್ಲೇ ಮಗುವಿಗೆ ಹೆಚ್ಚು ವಿಷ ಹೋಯಿತು.

ಇದೇ ವಾರಗಳಲ್ಲಿ ರಾಜಸ್ಥಾನದಿಂದಲೂ ಸಿರಪ್ ಕುಡಿದ ಮಕ್ಕಳ ಸಾವಿನ ಸುದ್ದಿ ಬಂದು ಎರಡೂ ಒಂದೇ ಎಂಬಂತೆ ಹರಡಿತು. ಅಲ್ಲಿ ಚರ್ಚೆಗೆ ಬಂದದ್ದು ಡೆಕ್ಸ್ಟ್ರೊಮೆಥಾರ್ಫಾನ್ ಎಂಬ, ಚಿಕ್ಕ ಮಕ್ಕಳಿಗೆ ಕೊಡಬಾರದ ಔಷಧ. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಇರಲಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು.

ವಿಷ ಬಾಟಲಿಯೊಳಗೆ ಸೇರುವ ಬಗೆ

ಸಿರಪ್ಪಿನಲ್ಲಿ ಔಷಧದ ಅಂಶ ಬಹಳ ಕಡಿಮೆ. ಉಳಿದದ್ದು ಆ ಔಷಧವನ್ನು ಕರಗಿಸಿ, ಮಂದವಾಗಿಸಿ, ಸಿಹಿಯಾಗಿಸುವ ದ್ರವ. ಅದಕ್ಕೆ ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್‌ನಂಥವನ್ನು ಬಳಸುತ್ತಾರೆ. ಇವುಗಳಲ್ಲಿ ಔಷಧ ದರ್ಜೆ, ಕೈಗಾರಿಕಾ ದರ್ಜೆ ಎಂದು ಬೇರೆಬೇರೆ ಇವೆ, ಬೆಲೆಯೂ ಬೇರೆ. ಡೈಎಥಿಲೀನ್ ಗ್ಲೈಕಾಲ್ ಬ್ರೇಕ್ ಆಯಿಲ್, ಬಣ್ಣ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಕೆಯಾಗುವ ಅಗ್ಗದ ರಾಸಾಯನಿಕ. ಅದಕ್ಕೂ ಬಣ್ಣವಿಲ್ಲ, ಅದೂ ಮಂದ, ಅದೂ ಸಿಹಿ. ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರೆ, ಮೂಸಿದರೆ, ನಾಲಿಗೆಗೆ ಸೋಕಿಸಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಈ ಕಚ್ಚಾ ವಸ್ತು ತಯಾರಕರಿಂದ ನೇರವಾಗಿ ಔಷಧ ಕಾರ್ಖಾನೆಗೆ ಬರುವುದು ಅಪರೂಪ. ದೊಡ್ಡ ವ್ಯಾಪಾರಿ, ಆತನಿಂದ ಸಣ್ಣ ವ್ಯಾಪಾರಿ, ಅಲ್ಲಿ ದೊಡ್ಡ ಡ್ರಮ್ಮಿನಿಂದ ಸಣ್ಣ ಕ್ಯಾನಿಗೆ ಸುರಿದು ಹೊಸ ಚೀಟಿ ಅಂಟಿಸುವುದು — ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಪ್ರತಿ ಹಂತದಲ್ಲೂ ಹಿಂದಿನವನ ಕಾಗದದ ಮೇಲೆ ನಂಬಿಕೆ ಇಡಲಾಗುತ್ತದೆ, ವಸ್ತುವನ್ನು ಯಾರೂ ಪರೀಕ್ಷಿಸುವುದಿಲ್ಲ. ಔಷಧ ಕಾರ್ಖಾನೆಯಲ್ಲಾದರೂ ಒಳಬಂದ ಪ್ರತಿ ಡ್ರಮ್ಮಿನಿಂದ ಒಂದಿಷ್ಟು ತೆಗೆದು ಪರೀಕ್ಷಿಸಿದರೆ ವಿಷ ಅಲ್ಲಿಗೇ ನಿಲ್ಲುತ್ತದೆ. ಹಾಗೆ ಪರೀಕ್ಷಿಸುವುದು ಈಗಿರುವ ಕಾನೂನಿನ ಪ್ರಕಾರವೇ ತಯಾರಕನ ಕರ್ತವ್ಯ. ತೆಳುಪದರ ಕ್ರೊಮ್ಯಾಟೋಗ್ರಫಿ ಎಂಬ ಕಡಿಮೆ ಖರ್ಚಿನ ವಿಧಾನದಿಂದ ಪ್ರಾಥಮಿಕ ತಪಾಸಣೆ ಸಾಧ್ಯ. ಅನುಮಾನ ಬಂದರೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ನಿಖರ ಪ್ರಮಾಣವನ್ನೇ ಹೇಳುತ್ತದೆ. ಇದು ಹೊಸ ವಿಜ್ಞಾನವೂ ಅಲ್ಲ, ದುಬಾರಿ ವಿದ್ಯೆಯೂ ಅಲ್ಲ.

ಸ್ರೆಸನ್ ಕಾರ್ಖಾನೆಯನ್ನು ತಪಾಸಣೆ ಮಾಡಿದ ತಮಿಳುನಾಡಿನ ಅಧಿಕಾರಿಗಳು 39 ಅತಿ ಗಂಭೀರ ಮತ್ತು 325 ಪ್ರಮುಖ ಲೋಪಗಳನ್ನು ದಾಖಲಿಸಿದರು. 2011ರಲ್ಲಿ ಪರವಾನಗಿ ಪಡೆದ ಘಟಕ ಅದು. ಇಷ್ಟು ಲೋಪ ಒಂದು ತಿಂಗಳಲ್ಲಿ ಹುಟ್ಟಿಕೊಳ್ಳುವುದಿಲ್ಲ. ನಡುವಿನ ವರ್ಷಗಳಲ್ಲಿ ಯಾರೂ ಸರಿಯಾಗಿ ಒಳಹೊಕ್ಕು ನೋಡಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೇಹದೊಳಗೆ ಹೋದ ಮೇಲೆ ಡೈಎಥಿಲೀನ್ ಗ್ಲೈಕಾಲನ್ನು ಯಕೃತ್ತು ಒಡೆದು ಡೈಗ್ಲೈಕಾಲಿಕ್ ಆಮ್ಲವನ್ನಾಗಿ ಮಾಡುತ್ತದೆ. ಆ ಆಮ್ಲ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಶೇಖರವಾಗಿ ಅಲ್ಲಿನ ಕೋಶಗಳನ್ನು ಕೊಲ್ಲುತ್ತದೆ. ಈ ಪರಿವರ್ತನೆಯನ್ನು ತಡೆಯುವ ಫೊಮೆಪಿಜೋಲ್ ಎಂಬ ಪ್ರತಿವಿಷ ಇದೆಯಾದರೂ ಅದು ಸಿಗುವುದು ಕಷ್ಟ. ಸಿಕ್ಕರೂ ಬಹಳ ಬೇಗ ಕೊಟ್ಟರೆ ಮಾತ್ರ ಪ್ರಯೋಜನ. ಮೂತ್ರ ನಿಂತ ಮೇಲೆ ಉಳಿಯುವ ದಾರಿ ಡಯಾಲಿಸಿಸ್ ಒಂದೇ. ಎರಡು-ಮೂರು ವರ್ಷದ ಮಗುವಿಗೆ ಡಯಾಲಿಸಿಸ್ ಮಾಡಬಲ್ಲ ಆಸ್ಪತ್ರೆ ಎಷ್ಟು ಜಿಲ್ಲೆಗಳಲ್ಲಿದೆ ಎಂದು ಕೇಳಿಕೊಂಡರೆ, ಪರಾಸಿಯಾದ ಮಕ್ಕಳು ನಾಗಪುರಕ್ಕೆ ಏಕೆ ಹೋಗಬೇಕಾಯಿತು ಎಂಬುದು ತಿಳಿಯುತ್ತದೆ.

ಮೊದಲ ಸಲವಲ್ಲ

ಅಮೆರಿಕದಲ್ಲಿ 1937ರಲ್ಲಿ ಇದೇ ರಾಸಾಯನಿಕದಲ್ಲಿ ಕರಗಿಸಿದ ಸಲ್ಫನಿಲಮೈಡ್ ಔಷಧದಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮಾರುವ ಮೊದಲು ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಮರುವರ್ಷವೇ ಬಂತು. ಭಾರತದಲ್ಲಿ 1972ರಲ್ಲಿ ಮದ್ರಾಸಿನಲ್ಲಿ ಮಕ್ಕಳು ಸತ್ತರು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ಮಂದಿ ಸತ್ತಾಗ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತು, ಕಚ್ಚಾ ವಸ್ತುವಿನ ಖರೀದಿಯಿಂದ ಹಿಡಿದು ಔಷಧ ನಿಯಂತ್ರಣ ಇಲಾಖೆಯ ಭ್ರಷ್ಟಾಚಾರದವರೆಗೆ ಎಲ್ಲವನ್ನೂ ಬಿಚ್ಚಿಟ್ಟಿತು. 1998ರಲ್ಲಿ ಗುರುಗ್ರಾಮ, 2019-20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರ. 2022ರಲ್ಲಿ ಭಾರತದಲ್ಲಿ ತಯಾರಾದ ಸಿರಪ್ಪುಗಳಿಗೆ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವು ತಳಕು ಹಾಕಿಕೊಂಡಿತು. ಅದೇ ವರ್ಷದ ಕೊನೆಗೆ ಉಜ್ಬೇಕಿಸ್ತಾನದಿಂದಲೂ ಅಂಥದೇ ವರದಿ. ಇಂಡೊನೇಷ್ಯಾದಲ್ಲಿ ಅಲ್ಲಿನ ಸಿರಪ್ಪುಗಳಿಂದಲೇ ಇನ್ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು.

ಲೆಂಟಿನ್ ಆಯೋಗದ ಕಾಲಕ್ಕೇ ಕಾರಣ ಗೊತ್ತಿತ್ತು, ಪರೀಕ್ಷೆಯ ವಿಧಾನ ಗೊತ್ತಿತ್ತು, ಯಾವ ಹಂತದಲ್ಲಿ ತಡೆಯಬೇಕೆಂಬುದೂ ಗೊತ್ತಿತ್ತು. ನಾಲ್ಕು ದಶಕಗಳಾದ ಮೇಲೂ ಅದೇ ರಾಸಾಯನಿಕ ಅದೇ ದಾರಿಯಲ್ಲಿ ಬಂದು ಮಕ್ಕಳನ್ನು ಕೊಂದಿತೆಂದರೆ ಅದನ್ನು ಆಕಸ್ಮಿಕ ಎಂದು ಕರೆಯಲಾಗದು.

ಹೊಣೆ ಯಾರದು ಎಂಬ ಜಗಳ

ಸಾವುಗಳ ಬೆನ್ನಿಗೇ ಪರಾಸಿಯಾದ ಮಕ್ಕಳ ವೈದ್ಯರೊಬ್ಬರ ಬಂಧನವಾಯಿತು. ಕಂಪನಿಯ ಮಾಲೀಕ ಸಿಕ್ಕಿಬಿದ್ದದ್ದು ಆಮೇಲೆ. ಈ ಕ್ರಮವೇ ವಿವಾದವಾಯಿತು. ಕಾರ್ಖಾನೆಯಲ್ಲಿ ಸೇರಿದ ವಿಷವನ್ನು ಚೀಟಿ ಬರೆಯುವವರು ಕಂಡುಹಿಡಿಯಲು ಸಾಧ್ಯವೇ, ಸರ್ಕಾರ ಪರವಾನಗಿ ಕೊಟ್ಟ ಔಷಧವನ್ನು ನಂಬಿ ಬರೆದದ್ದು ಅಪರಾಧವೇ ಎಂದು ಭಾರತೀಯ ವೈದ್ಯಕೀಯ ಸಂಘ ಕೇಳಿತು. ಕಲಬೆರಕೆಯ ಮಟ್ಟಿಗೆ ಈ ವಾದ ಗಟ್ಟಿಯಾದದ್ದು. ಯಾವ ವೈದ್ಯರ ಮೇಜಿನ ಮೇಲೂ ಕ್ರೊಮ್ಯಾಟೋಗ್ರಫಿ ಯಂತ್ರ ಇರುವುದಿಲ್ಲ.

ಆದರೆ ಇನ್ನೊಂದು ಮಗ್ಗುಲಿದೆ. ಕೋಲ್ಡ್ರಿಫ್‌ನಲ್ಲಿ ಪ್ಯಾರಸಿಟಮಾಲ್ ಜೊತೆಗೆ ಕ್ಲೋರ್‌ಫೆನಿರಮೈನ್ ಮತ್ತು ಫೆನೈಲ್‌ಎಫ್ರಿನ್ ಎಂಬ ಎರಡು ಔಷಧಗಳ ಜೋಡಿ ಇತ್ತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಜೋಡಿಯನ್ನು ಬಳಸಬಾರದು, ಹಾಗೆಂದು ಬಾಟಲಿಯ ಮೇಲೂ ಮುದ್ರಿಸಬೇಕು ಎಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಹೇಳಿತ್ತು. ಆ ಎಚ್ಚರಿಕೆ ಕಾರ್ಖಾನೆಯ ಲೇಬಲ್ಲಿಗೂ ವೈದ್ಯರ ಚೀಟಿಗೂ ಔಷಧ ಅಂಗಡಿಯ ಕೌಂಟರಿಗೂ ಮುಟ್ಟಿದ್ದರೆ, ಬ್ಯಾಚು ವಿಷವಾಗಿದ್ದರೂ ಅಷ್ಟು ಎಳೆಯ ಮಕ್ಕಳ ಬಾಯಿಗೆ ಹೋಗುತ್ತಿರಲಿಲ್ಲ. ವೈದ್ಯ ಸಮುದಾಯ ಈ ಪ್ರಶ್ನೆಯನ್ನು ಬಂಧನದ ವಿರುದ್ಧದ ಸಿಟ್ಟಿನಲ್ಲಿ ಮರೆಸಬಾರದು.

ಮೂರನೆಯ ಜಗಳ ಕೇಂದ್ರ ಮತ್ತು ರಾಜ್ಯಗಳ ನಡುವಿನದು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಇಂಥ ತಯಾರಕರಿಗೆ ಪರವಾನಗಿ ಕೊಡುವುದೂ ತಪಾಸಣೆ ಮಾಡುವುದೂ ರಾಜ್ಯದ ಔಷಧ ನಿಯಂತ್ರಕರು. ಹೊಸ ಔಷಧಗಳಿಗೆ ಒಪ್ಪಿಗೆ ಮತ್ತು ಒಟ್ಟಾರೆ ಮಾರ್ಗದರ್ಶನ ಕೇಂದ್ರದ್ದು. ಆದರೆ ಒಂದು ರಾಜ್ಯದಲ್ಲಿ ತಯಾರಾದ ಬಾಟಲಿ ದೇಶದ ಯಾವ ಮೂಲೆಯಲ್ಲಾದರೂ ಮಾರಾಟವಾಗುತ್ತದೆ. ಹೀಗಾಗಿ ಕಾಂಚೀಪುರಂ ಜಿಲ್ಲೆಯ ತಪಾಸಣೆಯ ಲೋಪಕ್ಕೆ ಛಿಂದ್ವಾಡಾದ ಮನೆಗಳು ಬೆಲೆ ತೆತ್ತವು, ಕೇಂದ್ರ-ರಾಜ್ಯಗಳು ಒಂದರ ಮೇಲೊಂದು ಬೆರಳು ತೋರಿದವು. ಕರ್ನಾಟಕಕ್ಕೂ ಇದು ಹೊಸದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ, ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಅನುಮಾನ ಬಿತ್ತು. ರಾಜ್ಯದ ಪ್ರಯೋಗಾಲಯ ತಿರಸ್ಕರಿಸಿದ್ದ ಬ್ಯಾಚುಗಳಿಗೆ ಕೇಂದ್ರದ ಪ್ರಯೋಗಾಲಯ ಸಮ್ಮತಿ ಕೊಟ್ಟಿತ್ತೆಂಬ ಸಂಗತಿ ಆಗಲೂ ಇದೇ ಬಗೆಯ ವಾಗ್ವಾದಕ್ಕೆ ಎಡೆಮಾಡಿತು.

ರಫ್ತಿಗೊಂದು ನಿಯಮ, ಮನೆಗೊಂದು

ಗ್ಯಾಂಬಿಯಾ ಪ್ರಕರಣದಿಂದ ದೇಶದ ಹೆಸರು ಕೆಟ್ಟ ಮೇಲೆ, 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್ ಸರ್ಕಾರದ ನಿಗದಿತ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಹಡಗು ಹತ್ತುವಂತಿಲ್ಲ ಎಂಬ ನಿಯಮ ಬಂತು. ದೇಶದೊಳಗೆ ಮಾರುವ ಸಿರಪ್ಪಿಗೆ ಅಂಥ ಹೊರಗಿನ ಪರೀಕ್ಷೆ ಕಡ್ಡಾಯವಾಗಲಿಲ್ಲ. ತಯಾರಕ ತನ್ನ ಔಷಧಕ್ಕೆ ತಾನೇ ಕೊಟ್ಟುಕೊಳ್ಳುವ ಪ್ರಮಾಣಪತ್ರವೇ ಸಾಕಾಗಿತ್ತು. ಪರದೇಶದ ಮಗುವಿಗೆ ಒಂದು ಕಾವಲು ಹೆಚ್ಚು, ನಮ್ಮ ಮಗುವಿಗೆ ಒಂದು ಕಡಿಮೆ ಎಂಬ ಈ ವ್ಯವಸ್ಥೆಗೆ ಯಾವ ಸಮರ್ಥನೆಯೂ ಇರಲಾರದು.

ಉತ್ತಮ ತಯಾರಿಕಾ ಪದ್ಧತಿಯ ನಿಯಮಗಳಿರುವ ‘ಶೆಡ್ಯೂಲ್ ಎಂ’ ಅನ್ನು 2023ರ ಕೊನೆಗೆ ಬಿಗಿಗೊಳಿಸಲಾಯಿತು. ಆದರೆ ಸಣ್ಣ ಮತ್ತು ಮಧ್ಯಮ ಘಟಕಗಳು ಖರ್ಚು ಭರಿಸಲಾಗದೆಂದು ಮೊರೆಯಿಟ್ಟದ್ದರಿಂದ ಅವುಗಳ ಗಡುವು 2025ರ ಡಿಸೆಂಬರ್ 31ರವರೆಗೆ ಮುಂದಕ್ಕೆ ಹೋಯಿತು. ಆ ಘಟಕಗಳ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೆಚ್ಚಿನವು ಮುಚ್ಚಿದರೆ ಅಗ್ಗದ ಔಷಧಗಳ ಪೂರೈಕೆ ಕುಗ್ಗುತ್ತದೆ, ಬೆಲೆ ಏರುತ್ತದೆ, ಬಡವರಿಗೇ ತೊಂದರೆ. ಆದರೆ ಕಟ್ಟಡ, ಗಾಳಿ ಶೋಧಕ ಯಂತ್ರಗಳಿಗೆ ಕಾಲಾವಕಾಶ ಕೇಳುವುದು ಬೇರೆ, ಒಳಬಂದ ಡ್ರಮ್ಮಿನಲ್ಲಿ ಏನಿದೆಯೆಂದು ನೋಡದಿರುವುದು ಬೇರೆ. ಎರಡನೆಯದಕ್ಕೆ ಯಾವ ವಿನಾಯಿತಿಯೂ ಹಿಂದೆಯೂ ಇರಲಿಲ್ಲ.

ಛಿಂದ್ವಾಡಾದ ನಂತರ ಕೆಲವು ಕೆಲಸಗಳಾಗಿವೆ. ಪ್ರತಿ ಬ್ಯಾಚಿನ ಕಚ್ಚಾ ವಸ್ತು ಮತ್ತು ಸಿದ್ಧ ಔಷಧ ಎರಡರ ಪರೀಕ್ಷೆಯನ್ನೂ ಖಾತ್ರಿಪಡಿಸಿಕೊಳ್ಳಿ ಎಂದು ಭಾರತದ ಔಷಧ ಮಹಾನಿಯಂತ್ರಕರು ರಾಜ್ಯಗಳಿಗೆ ಬರೆದರು. ಅಪಾಯಕಾರಿ ದ್ರಾವಕಗಳು ಯಾರಿಂದ ಯಾರಿಗೆ ಹೋದವೆಂದು ಆನ್‌ಲೈನಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಯಿತು. ಇದು ಸರಿಯಾಗಿ ನಡೆದರೆ ಮೇಲೆ ಹೇಳಿದ ಕೈಯಿಂದ ಕೈಗೆ ದಾಟುವ ಕತ್ತಲೆಗೆ ಮೊದಲ ಬಾರಿಗೆ ಬೆಳಕು ಬೀಳುತ್ತದೆ. ಆದರೆ ದಾಖಲೆಯನ್ನು ತಾಳೆ ನೋಡಲು ಔಷಧ ಪರಿವೀಕ್ಷಕರು ಬೇಕು, ಮಾದರಿಯನ್ನು ವಾರಗಟ್ಟಲೆ ಇಟ್ಟುಕೊಳ್ಳದೆ ಫಲಿತಾಂಶ ಕೊಡುವ ಪ್ರಯೋಗಾಲಯ ಬೇಕು. ತಮಿಳುನಾಡು ಎರಡು ದಿನಗಳೊಳಗೆ, ಅದೂ ರಜೆಯ ದಿನಗಳಲ್ಲಿ, ಫಲಿತಾಂಶ ಕೊಟ್ಟದ್ದರಿಂದ ಅದು ಆಗುವ ಕೆಲಸವೆಂಬುದು ಸಾಬೀತಾಗಿದೆ.

ಹಳ್ಳಿಯ ಅಂಗಡಿಯ ಪ್ರಸ್ತಾವ ಏನು ಮಾಡುತ್ತದೆ

ಔಷಧ ನಿಯಮಗಳ ‘ಶೆಡ್ಯೂಲ್ ಕೆ’ಯಲ್ಲಿ ಮನೆಬಳಕೆಯ ಔಷಧಗಳ ಪಟ್ಟಿಯೊಂದಿದೆ. ಪ್ಯಾರಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಕೆಮ್ಮಿನ ಮಾತ್ರೆ-ಸಿರಪ್, ಎಳೆಮಕ್ಕಳ ಗ್ರೈಪ್ ವಾಟರ್ ಇಂಥವನ್ನು ಚಿಕ್ಕ ಹಳ್ಳಿಗಳಲ್ಲಿ ಪರವಾನಗಿ ಇಲ್ಲದೆ ಮಾರಲು ಅದು ಅವಕಾಶ ಕೊಡುತ್ತದೆ. ಔಷಧ ಅಂಗಡಿ ಹತ್ತಾರು ಮೈಲಿ ದೂರವಿದ್ದ ಕಾಲದ ಏರ್ಪಾಡು ಇದು. ಈಗ ಈ ಪಟ್ಟಿಯಿಂದ ಸಿರಪ್ಪನ್ನು ಬಿಡಿಸುವುದು ಪ್ರಸ್ತಾವ.

ಇದನ್ನು ವಿರೋಧಿಸಲು ಕಾರಣವಿಲ್ಲ. ಕೇಳಿದವರಿಗೆಲ್ಲ ಸಿರಪ್ ಸಿಗದಂತಾದರೆ ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಇದರಿಂದ ಛಿಂದ್ವಾಡಾದಂಥ ದುರಂತ ತಪ್ಪುತ್ತದೆಂದು ಯಾರಾದರೂ ತಿಳಿದರೆ ಅದು ತಪ್ಪು ಸಮಾಧಾನ. ಅಲ್ಲಿ ಸಿರಪ್ ಹೋದದ್ದು ಕಿರಾಣಿ ಅಂಗಡಿಯಿಂದಲ್ಲ. ಪರವಾನಗಿ ಇದ್ದ ಕಾರ್ಖಾನೆಯಲ್ಲಿ ತಯಾರಾಗಿ, ನೋಂದಾಯಿತ ವೈದ್ಯರ ಚೀಟಿಯ ಮೇಲೆ, ಔಷಧ ಅಂಗಡಿಯ ಮೂಲಕವೇ ಅದು ಮಕ್ಕಳಿಗೆ ಮುಟ್ಟಿತು. ಕಾಗದದ ಪ್ರಕಾರ ಎಲ್ಲ ಕಾವಲುಗಳೂ ಇದ್ದವು. ಮಾರಾಟದ ಕೊನೆಯ ತುದಿಯನ್ನು ಬಿಗಿಗೊಳಿಸುವುದು ಸುಲಭ, ಕಣ್ಣಿಗೂ ಕಾಣುತ್ತದೆ. ತಯಾರಿಕೆಯ ಮೊದಲ ತುದಿ ಕಷ್ಟದ್ದು. ಸುದ್ದಿ ಹಳ್ಳಿಯ ಅಂಗಡಿಯವನತ್ತ ತಿರುಗಿದಷ್ಟೂ ಕಾರ್ಖಾನೆಯ ಬಾಗಿಲಿನ ಪ್ರಶ್ನೆ ಹಿಂದೆ ಸರಿಯುವ ಅಪಾಯವಿದೆ.

ಪರಿಣಾಮಗಳಲ್ಲಿ ಇನ್ನೊಂದನ್ನು ಯೋಚಿಸಬೇಕು. ಸಿರಪ್ ಸಿಗದಿದ್ದರೆ ಕೆಮ್ಮು ನಿಲ್ಲುವುದಿಲ್ಲ, ಮನೆಯವರ ಆತಂಕವೂ ನಿಲ್ಲುವುದಿಲ್ಲ. ಆ ಜಾಗದಲ್ಲಿ ಏನನ್ನಾದರೂ ಇಡದಿದ್ದರೆ ಜನ ದೊಡ್ಡವರ ಮಾತ್ರೆಯನ್ನು ಅರೆದು ಕುಡಿಸುವ, ಹಿಂದಿನ ಸಲದ ಆ್ಯಂಟಿಬಯಾಟಿಕ್ ಉಳಿಕೆಯನ್ನು ಹುಡುಕುವ ದಾರಿಗೆ ಹೋಗುತ್ತಾರೆ.

ಸಿರಪ್ ಏಕೆ ಬೇಡ, ಆದರೂ ಏಕೆ ಬೇಕೆನಿಸುತ್ತದೆ

ಆರೋಗ್ಯವಂತ ಪುಟ್ಟ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಮಾಮೂಲು. ಅಂಗನವಾಡಿಗೋ ಶಿಶುವಿಹಾರಕ್ಕೋ ಸೇರಿದ ಮೊದಲ ವರ್ಷ ಇನ್ನೂ ಹೆಚ್ಚು. ಇವುಗಳಲ್ಲಿ ಬಹುಪಾಲು ವೈರಸ್‌ನಿಂದ ಬಂದು ತಾವಾಗಿಯೇ ಹೋಗುತ್ತವೆ. ಜ್ವರ ಎರಡು-ಮೂರು ದಿನಕ್ಕೆ ಇಳಿದರೂ ಕೆಮ್ಮು ಮಾತ್ರ ಎರಡು ವಾರ, ಒಮ್ಮೊಮ್ಮೆ ಮೂರು ವಾರ ಎಳೆಯುತ್ತದೆ. ಕೆಮ್ಮೆಂಬುದು ಶ್ವಾಸನಾಳದಲ್ಲಿನ ಕಫವನ್ನು ಹೊರತಳ್ಳುವ ದೇಹದ ಕೆಲಸ. ಚಿಕ್ಕ ಮಕ್ಕಳಲ್ಲಿ ಅಂಗಡಿಯ ಕೆಮ್ಮಿನ ಔಷಧಗಳು ಈ ಅವಧಿಯನ್ನು ಕಡಿಮೆ ಮಾಡುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅತಿ ಮಂಪರು, ಎದೆಬಡಿತ ಏರುವುದು, ಉಸಿರಾಟ ನಿಧಾನವಾಗುವುದು ಮುಂತಾದ ಅಡ್ಡಪರಿಣಾಮಗಳಿಗೆ ಪುರಾವೆಯಿದೆ.

ಇದೆಲ್ಲ ವೈದ್ಯರಿಗೆ ಗೊತ್ತು. ಹಾಗಿದ್ದೂ ಸಿರಪ್ ಬರೆಯುವುದೇಕೆ? ಜನಜಂಗುಳಿಯ ಕ್ಲಿನಿಕ್ಕಿನಲ್ಲಿ ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಈ ಕೆಮ್ಮು ತಾನಾಗಿಯೇ ಹೋಗುತ್ತದೆ, ಇಂಥಿಂಥದು ಕಂಡರೆ ಮಾತ್ರ ಬನ್ನಿ ಎಂದು ವಿವರಿಸಲು ಹೊತ್ತು ಬೇಕು. ಸಿರಪ್ಪಿನ ಹೆಸರು ಬರೆಯಲು ಕ್ಷಣ ಸಾಕು. ಏನನ್ನೂ ಬರೆಯದೆ ಕಳಿಸಿದರೆ ಮನೆಯವರು ಇನ್ನೊಬ್ಬ ವೈದ್ಯರ ಬಳಿ ಹೋಗುತ್ತಾರೆಂಬ ಭಯ ಬೇರೆ. ಮನೆಯವರ ಕಡೆಯಿಂದ ನೋಡಿದರೆ, ಕೂಲಿ ಬಿಟ್ಟು, ಬಸ್ ಹಿಡಿದು, ಫೀಸು ಕೊಟ್ಟು ಬಂದವರು ಬರಿಗೈಲಿ ಹೋಗುವುದು ಹೇಗೆ? ರಾತ್ರಿಯಿಡೀ ಮಗು ಕೆಮ್ಮಿ ಎದ್ದರೆ ತಾಯಿಯೊಬ್ಬಳೇ ಎದ್ದು ಕೂರುವಳು. ಬೆಳಗಾದರೆ ಅವಳೇ ಕೆಲಸಕ್ಕೆ ಹೋಗಬೇಕು. ‘ಸುಮ್ಮನೆ ಏನೂ ಮಾಡದೆ ಕೂತಿದ್ದಾಳೆ’ ಎಂಬ ಮನೆಯ ಹಿರಿಯರ ಮಾತೂ ಅವಳಿಗೇ. ಈ ದಣಿವಿಗೂ ಅಂಜಿಕೆಗೂ ಸಿರಪ್ ಬಾಟಲಿ ಉತ್ತರವಾಗಿ ಬಂದಿದೆಯೇ ಹೊರತು ಕೆಮ್ಮಿಗಲ್ಲ.

ಹಾಗಾದರೆ ಮಾಡಬೇಕಾದ್ದೇನು ಎಂಬುದೂ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಎದೆಹಾಲು, ಬೆಚ್ಚಗಿನ ನೀರು, ಗಂಜಿ, ಸಾರು ಸ್ವಲ್ಪಸ್ವಲ್ಪವಾಗಿ ಪದೇಪದೇ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ರಾತ್ರಿಯ ಕೆಮ್ಮನ್ನು ತುಸು ತಗ್ಗಿಸುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ. ಮನೆಯೊಳಗೆ ಬೀಡಿ-ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿಯ ಹೊಗೆ ಇದ್ದರೆ ಯಾವ ಔಷಧಕ್ಕೂ ಕೆಮ್ಮು ಬಗ್ಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಕಾಯಬಹುದಾದ ಕೆಮ್ಮು ಯಾವುದು, ಓಡಬೇಕಾದ ಕೆಮ್ಮು ಯಾವುದು ಎಂದು ಗುರುತಿಸುವುದು. ಮಗು ಅಳದೆ ನೆಮ್ಮದಿಯಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿಕೊಂಡು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ, ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು-ನೀರು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯುವಂತಿಲ್ಲ. ಔಷಧ ಕುಡಿಸಿದ ಮೇಲೆ ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ ಕುಡಿಸಿದ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಮನೆಯ ಬಾಗಿಲಿಗೆ ಯಾರು ಬರುತ್ತಾರೆ

ಉಸಿರೆಣಿಸುವ ಈ ವಿದ್ಯೆ ಆಶಾ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ಬಂದಿರುತ್ತದೆ. ಹೆರಿಗೆಯಾದ 42 ದಿನಗಳಲ್ಲಿ ಅವರು ಹಲವು ಸಲ ಮನೆಗೆ ಬರುತ್ತಾರೆ. ಅನಂತರ ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಒಂದೊಂದು ಭೇಟಿ ಇದೆ. ಅಲ್ಲಿಗೆ ನಿಗದಿತ ಮನೆಭೇಟಿಗಳು ಮುಗಿಯುತ್ತವೆ. ಮಗು ನಡೆಯಲು ಕಲಿತು, ಬೇರೆ ಮಕ್ಕಳ ಜೊತೆ ಸೇರಿ, ಸಾಲುಸಾಲಾಗಿ ನೆಗಡಿ-ಕೆಮ್ಮು ಹಚ್ಚಿಕೊಳ್ಳುವ ವಯಸ್ಸು ಶುರುವಾಗುವುದೇ ಆಗ. ಛಿಂದ್ವಾಡಾದಲ್ಲಿ ಹೆಚ್ಚು ಮಕ್ಕಳು ಬಲಿಯಾದದ್ದೂ ಆ ವಯಸ್ಸಿನಲ್ಲೇ. 15ನೇ ತಿಂಗಳ ನಂತರದ ಈ ಖಾಲಿ ಜಾಗವನ್ನು ಅಂಗನವಾಡಿಯ ಮೂಲಕ ತುಂಬುವುದು ಕಷ್ಟವೇನಲ್ಲ, ಏಕೆಂದರೆ ಮಕ್ಕಳು ಬರುವುದು ಅಲ್ಲಿಗೇ. ಮಳೆಗಾಲಕ್ಕೂ ಚಳಿಗಾಲಕ್ಕೂ ಮುಂಚೆ ತಾಯಂದಿರ ಸಭೆಯಲ್ಲಿ ಉಸಿರೆಣಿಸುವುದನ್ನು ಮಾಡಿ ತೋರಿಸಬಹುದು. ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಪಕ್ಕದಲ್ಲೇ ಅಪಾಯದ ಚಿಹ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬಹುದು. ಆದರೆ ಇದಕ್ಕೆ ಬೇಕಾದ ಕಾರ್ಯಕರ್ತೆಯರಿಗೆ ಈಗಾಗಲೇ ಹೊರಲಾರದಷ್ಟು ಕೆಲಸವಿದೆ. ಗೌರವಧನಕ್ಕಾಗಿ ಅವರು ಮತ್ತೆಮತ್ತೆ ಬೀದಿಗಿಳಿಯಬೇಕಾಗಿದೆ. ಅವರ ಹೆಗಲಿಗೆ ಇನ್ನೊಂದನ್ನು ಹೇರಿ ಸಂಬಳದ ಮಾತೆತ್ತದಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಮಗುವನ್ನು ಕಳೆದುಕೊಂಡ ಮನೆಗಳ ಮಾತು ಬೇರೆಯದೇ. ಮಧ್ಯಪ್ರದೇಶ ಸರ್ಕಾರ ತಲಾ 4 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆದರೆ ತಮ್ಮ ಕೈಯಾರೆ ಕುಡಿಸಿದ ಔಷಧದಿಂದಲೇ ಮಗು ಹೋಯಿತೆಂಬ ಅಪರಾಧಭಾವ ಹೊತ್ತವರಿಗೆ ಮನೋವೈದ್ಯಕೀಯ ಆಸರೆಯನ್ನು ಪರಿಹಾರದ ಭಾಗವಾಗಿ ನಾವು ಇನ್ನೂ ಎಣಿಸುತ್ತಿಲ್ಲ. ತಂದೆತಾಯಿಯದು ತಪ್ಪಲ್ಲ ಎಂಬುದನ್ನು ಅಧಿಕೃತವಾಗಿ, ಅವರ ಮುಂದೆ ಕೂತು, ಅವರ ಭಾಷೆಯಲ್ಲಿ ಹೇಳುವುದು ಸರ್ಕಾರದ ಕರ್ತವ್ಯ. ಬದುಕುಳಿದ ಮಕ್ಕಳ ಮೂತ್ರಪಿಂಡ ಮತ್ತು ನರಗಳ ಮೇಲೆ ದೀರ್ಘಕಾಲದ ಪರಿಣಾಮ ಇರಬಹುದಾದ್ದರಿಂದ ಅವರ ತಪಾಸಣೆ ವರ್ಷಗಟ್ಟಲೆ ನಡೆಯಬೇಕು, ಆ ಖರ್ಚು ಮನೆಯವರ ಮೇಲೆ ಬೀಳಬಾರದು.

ಮನೆಯಲ್ಲಿರುವ ಬಾಟಲಿ

ಬಾಟಲಿಯನ್ನು ನೋಡಿ ಒಳಗಿನ ದ್ರವ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಮನೆಯವರಿಂದ ಸಾಧ್ಯವಿಲ್ಲ. ಅದನ್ನು ಅವರಿಂದ ನಿರೀಕ್ಷಿಸುವುದೂ ಅನ್ಯಾಯ. ಅವರು ಮಾಡಬಹುದಾದದ್ದು ಪತ್ತೆಯ ದಾರಿಯನ್ನು ತೆರೆದಿಡುವುದು. ಪರಾಸಿಯಾದಲ್ಲಿ ಯಾವ ಬ್ಯಾಚು ಎಂದು ಹುಡುಕಲು ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ಅರೆಬರೆ ಖಾಲಿಯಾದ ಬಾಟಲಿಗಳನ್ನು ಸಂಗ್ರಹಿಸಬೇಕಾಯಿತು. ಮಗುವಿಗೆ ಕೊಡುವ ಯಾವುದೇ ದ್ರವ ಔಷಧಕ್ಕೆ ರಸೀದಿ ಕೇಳಿ ಪಡೆಯುವುದು, ಕಾಯಿಲೆ ಪೂರ್ತಿ ವಾಸಿಯಾಗುವವರೆಗೆ ಬಾಟಲಿಯನ್ನೂ ರಟ್ಟಿನ ಪೆಟ್ಟಿಗೆಯನ್ನೂ ಎಸೆಯದಿರುವುದು, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳುವುದು, ಒಂದು ಮಗುವಿಗೆ ತಂದ ಸಿರಪ್ಪನ್ನು ಇನ್ನೊಂದಕ್ಕೆ ಕುಡಿಸದಿರುವುದು ಇವಿಷ್ಟು ಸಾಕು. ಔಷಧದಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಹೇಳುವುದರ ಜೊತೆಗೆ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಯಾರು ಬೇಕಾದರೂ ಕರೆಮಾಡಿ ದೂರು ದಾಖಲಿಸಬಹುದು. ಅದಕ್ಕೆ ವೈದ್ಯರೇ ಆಗಿರಬೇಕಿಲ್ಲ. ಬೇರೆಬೇರೆ ಊರುಗಳಿಂದ ಒಂದೇ ಬ್ಯಾಚಿನ ಮೇಲೆ ಎರಡು-ಮೂರು ದೂರು ಬಂದರೂ ಸಾಕು, ಆ ಬ್ಯಾಚನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಲು ಅಧಿಕಾರಿಗಳಿಗೆ ಅಷ್ಟು ದಿನ ಮುಂಚೆಯೇ ಕಾರಣ ಸಿಗುತ್ತದೆ.